ಹಾರಿ ಹೋಗುವ ಮೊದಲೇ ನಡೆಯುವ ಸಂತಾನದ ಸಿದ್ಧತೆ

ಮಾನ್ಯ ಸಂಪಾದಕರೇ,

ವಲಸೆ ಹಕ್ಕಿಗಳ ಬಗ್ಗೆ ಈಚೆಗೆ ಪತ್ರಿಕೆಯಲ್ಲಿ ಬಂದ ಬರಹವನ್ನು ಓದಿದರೆ, ಅವು ಚಳಿಗಾಲವಿಡೀ ನಮ್ಮಲ್ಲಿ ಹೊಟ್ಟೆ ಹೊರೆದುಕೊಂಡು ಹೋಗುತ್ತವೆ, ಮರಿ ಮಾಡುವ ಯೋಚನೆಯೆಲ್ಲ ತವರು ತಲುಪಿದ ಮೇಲಿನದು ಎಂಬ ಭಾವನೆ ಮೂಡುತ್ತದೆ. ಸಣ್ಣ ಹಾಡುಹಕ್ಕಿಗಳ ಮಟ್ಟಿಗಂತೂ ಇದು ಸರಿಯಲ್ಲ. ಯಾವಾಗ ಗೂಡು ಕಟ್ಟಬೇಕೆಂಬ ಲೆಕ್ಕಾಚಾರ ಅವು ಇಲ್ಲಿರುವಾಗಲೇ ಆರಂಭವಾಗಿರುತ್ತದೆ.

ಹಗಲಿನ ಉದ್ದವೇ ಹಕ್ಕಿಗಳಿಗೆ ಪಂಚಾಂಗ ಎಂಬುದನ್ನು 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ತೋರಿಸಿದರು. ಆಲ್ಬರ್ಟಾದ ಕೊರೆಯುವ ಚಳಿಯಲ್ಲಿ ಜುಂಕೊ ಎಂಬ ಪುಟ್ಟ ಹಕ್ಕಿಗಳ ಪಂಜರಕ್ಕೆ ವಿದ್ಯುದ್ದೀಪ ಹಾಕಿ ಹಗಲನ್ನು ದಿನದಿನವೂ ತುಸು ಹಿಗ್ಗಿಸಿದಾಗ, ಹೊರಗೆ ಹಿಮವಿದ್ದರೂ ಅವುಗಳ ವೃಷಣಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದವು. ಆದರೆ ಉಷ್ಣವಲಯದಲ್ಲಿ ಚಳಿಗಾಲ ಕಳೆಯುವ ಹಕ್ಕಿಗೆ ಈ ಸುಳಿವು ಬಹಳ ಕ್ಷೀಣ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಮತ್ತು ಅತಿ ಚಿಕ್ಕ ಹಗಲುಗಳ ನಡುವಿನ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ; ನೆದರ್ಲೆಂಡ್ಸ್‌ನಲ್ಲಿ ಅದು ಒಂಬತ್ತು ಗಂಟೆಯಷ್ಟು; ಸಮಭಾಜಕದ ಬಳಿ ಇಲ್ಲವೆಂದೇ ಹೇಳಬಹುದು. ಈ ಒಗಟನ್ನು ಬಹುಮಟ್ಟಿಗೆ ಬಿಡಿಸಿದವರು ಜರ್ಮನಿಯ ಎಬರ್‌ಹಾರ್ಡ್ ಗ್ವಿನ್ನರ್. ಆಫ್ರಿಕಾಕ್ಕೆ ವಲಸೆ ಹೋಗುವ ಉಲಿಯಕ್ಕಿಗಳನ್ನು ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಎಂಬ ಬದಲಾಗದ ಕ್ರಮದಲ್ಲಿ ಸಾಕಿದಾಗಲೂ ಅವು ಗರಿ ಬದಲಿಸಿದವು, ವಲಸೆಯ ಕಾಲ ಬಂದಾಗ ರಾತ್ರಿಯಿಡೀ ಚಡಪಡಿಸಿದವು, ಅವುಗಳ ಜನನಾಂಗಗಳು ಬೆಳೆದು ಮತ್ತೆ ಕುಗ್ಗಿದವು. ಒಳಗಿನ ಈ ವಾರ್ಷಿಕ ಗಡಿಯಾರ ಹೆಚ್ಚಾಗಿ ಹತ್ತು ತಿಂಗಳ ಆಸುಪಾಸಿನಲ್ಲೇ ಒಂದು ಸುತ್ತು ಮುಗಿಸುವುದರಿಂದ, ಅದನ್ನು ನಿಜವಾದ ವರ್ಷಕ್ಕೆ ಹೊಂದಿಸಲು ಹಗಲಿನ ಬದಲಾವಣೆ ಬೇಕೇ ಬೇಕು.

ಅಪಾಯವಿರುವುದೂ ಇಲ್ಲಿಯೇ. ಪಶ್ಚಿಮ ಆಫ್ರಿಕಾದಲ್ಲಿ ಚಳಿಗಾಲ ಕಳೆಯುವ ಕಪ್ಪು-ಬಿಳಿ ನೊಣಹಿಡುಕಕ್ಕೆ, ಯುರೋಪಿನಲ್ಲಿ ಈ ಸಲ ವಸಂತ ಬೇಗ ಬಂದಿದೆಯೆಂದು ತಿಳಿಸುವವರು ಯಾರು? ಮರಿಗಳಿಗೆ ಬೇಕಾದ ಕಂಬಳಿಹುಳುಗಳು ಹಿಂದಿಗಿಂತ ಮುಂಚೆಯೇ ಹುಟ್ಟಿ ಮುಗಿಯುತ್ತಿದ್ದರೂ ಈ ಹಕ್ಕಿ ಅದಕ್ಕೆ ತಕ್ಕಷ್ಟು ಬೇಗ ಮೊಟ್ಟೆಯಿಡಲಾರದೆಂದು ಕ್ರಿಸ್ಟಿಯಾನ್ ಬೋತ್ ಮತ್ತು ಮಾರ್ಸೆಲ್ ವಿಸ್ಸರ್ 2001ರಲ್ಲಿ ವರದಿ ಮಾಡಿದರು. ಹುಳುಗಳು ಅತಿ ಬೇಗ ಮುಗಿದುಹೋಗುವ ಡಚ್ ಕಾಡುಗಳಲ್ಲಿ ಇವುಗಳ ಸಂಖ್ಯೆ ಎರಡು ದಶಕಗಳಲ್ಲಿ ಶೇ 90ರಷ್ಟು ಕುಸಿದಿತ್ತೆಂಬುದು 2006ರಲ್ಲಿ ಬೆಳಕಿಗೆ ಬಂತು. ಆದರೂ ಗಡಿಯಾರ ಪೂರ್ತಿ ಕಲ್ಲಾಗಿಲ್ಲ. ಇದೇ ಜಾತಿಯ ಒಳಗಡಿಯಾರವನ್ನು ಅಳೆಯಲು 1981ರಲ್ಲಿ ನಡೆಸಿದ ಪ್ರಯೋಗವನ್ನು 2002ರಲ್ಲಿ ಮತ್ತೆ ಮಾಡಿ ನೋಡಿದಾಗ, ಒಳಗಿನ ವೇಳಾಪಟ್ಟಿಯೇ ಒಂದು ವಾರಕ್ಕೂ ಹೆಚ್ಚು ಬೇಗನೆ ಶುರುವಾಗುವಂತೆ ಬದಲಾಗಿತ್ತು.

ಗಡಿಯಾರ ಹೊರಡು ಎಂದರೂ ಮೈಯಲ್ಲಿ ಕಸುವಿಲ್ಲದಿದ್ದರೆ ಹೊರಡುವುದೆಂತು? ಜಮೈಕಾದಲ್ಲಿ ಚಳಿಗಾಲ ಕಳೆಯುವ ಅಮೆರಿಕನ್ ರೆಡ್‌ಸ್ಟಾರ್ಟ್ ಹಕ್ಕಿಗಳಲ್ಲಿ, ತೇವವಿರುವ ಕಾಂಡ್ಲಾ ಕಾಡಿನವು ಬೇಗ ಹೊರಡುತ್ತವೆ, ಒಣ ಕುರುಚಲಿನವು ಸೊರಗಿ ತಡಮಾಡುತ್ತವೆ. ಮಾರ್ಚ್‌ನಲ್ಲಿ ಮಳೆ ಕಡಿಮೆಯಾದರೆ ಹೊರಡುವುದು ಇನ್ನೂ ತಡವಾಗುತ್ತದೆ. ದೂರದ ನ್ಯೂ ಹ್ಯಾಂಪ್‌ಶೈರ್‌ಗೆ ಯಾವ ಹಕ್ಕಿ ಮೊದಲು ತಲುಪಿತು ಎಂಬುದರ ಹಿಂದೆ ಅದು ಚಳಿಗಾಲ ಕಳೆದ ತಾಣದ ಪಾತ್ರವಿದೆಯೆಂದು ಪೀಟರ್ ಮಾರಾ ಮತ್ತು ಸಂಗಡಿಗರು 1998ರಲ್ಲಿ ಅಂಗಾಂಶಗಳಲ್ಲಿನ ಇಂಗಾಲದ ಐಸೊಟೋಪುಗಳಿಂದ (ತಿಂದ ಆಹಾರದ ಮೂಲಕ ತಾಣದ ಗುರುತು ಉಳಿಸುವ, ತೂಕ ಬೇರೆಯಾದ ಇಂಗಾಲದ ಪರಮಾಣುಗಳಿಂದ) ಪತ್ತೆಹಚ್ಚಿದ್ದರು.

ನಮ್ಮ ಪಶ್ಚಿಮ ಘಟ್ಟದ ಮರಗಳಲ್ಲಿ ಚಳಿಗಾಲ ಕಳೆಯುವ ಹಸುರು ಉಲಿಯಕ್ಕಿಯೂ, ಹತ್ತು ಗ್ರಾಂ ಕೂಡ ತೂಗದಿದ್ದರೂ, ತಿಂಗಳುಗಟ್ಟಲೆ ತನ್ನದೇ ಮರಗಳ ಎಲ್ಲೆಯನ್ನು ಕಾಯ್ದುಕೊಂಡು, ಎಲೆಗಳಲ್ಲಿನ ಹುಳುಹುಪ್ಪಟೆ ಹೆಕ್ಕಿ, ಕೊಬ್ಬು ಕೂಡಿಸಿಕೊಂಡೇ ಹಿಮಾಲಯದ ಕಡೆಗೋ ಅದರಾಚೆಗೋ ಹೊರಡಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಬ್ಬಾತುಗಳಿಗೆ ಪ್ರತಿವರ್ಷ ಪತ್ರಿಕೆಗಳಲ್ಲಿ ಚಿತ್ರಸಹಿತ ಸ್ವಾಗತ ಸಿಗುತ್ತದೆ (ಸಿಗಲಿ, ತಕರಾರಿಲ್ಲ); ಈ ಪುಟ್ಟ ಹಕ್ಕಿ ನೆಚ್ಚಿಕೊಂಡ ಸಾಲುಮರಗಳನ್ನು ಫೆಬ್ರುವರಿ, ಮಾರ್ಚ್‌ನಲ್ಲಿ ಬೋಳು ಮಾಡುವುದು ಮಾತ್ರ ಯಾರಿಗೂ ಸುದ್ದಿಯೆನಿಸುವುದಿಲ್ಲ. ಕೊಂಬೆ ಕತ್ತರಿಸುವ ಮಾಮೂಲಿ ಕೆಲಸವನ್ನಾದರೂ ಏಪ್ರಿಲ್ ಕಳೆಯುವವರೆಗೆ ಮುಂದೂಡಲು ಅರಣ್ಯ ಇಲಾಖೆಗಾಗಲಿ ನಗರಸಭೆಗಳಿಗಾಗಲಿ ದೊಡ್ಡ ಖರ್ಚೇನೂ ಬರುವುದಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2007ರಲ್ಲಿ ಆರಂಭವಾದ ಮೈಗ್ರಂಟ್‌ವಾಚ್, ವಲಸೆ ಹಕ್ಕಿಗಳ ಓಡಾಟದ ದಿನಾಂಕಗಳನ್ನು ಜನಸಾಮಾನ್ಯರಿಂದಲೇ ಕಲೆಹಾಕುವ ಪರಿಪಾಠ ಹಾಕಿಕೊಟ್ಟಿತು. ಬಂದ ದಿನವನ್ನು ಗುರುತು ಹಾಕಿಕೊಳ್ಳುವ ಉತ್ಸಾಹ ನಮ್ಮ ಪಕ್ಷಿಪ್ರಿಯರಲ್ಲಿ ಸಾಕಷ್ಟಿದೆ. ಮುಂದೆ ಇಂತಹ ಬರಹಗಳನ್ನು ಪ್ರಕಟಿಸುವಾಗ, ಕೊನೆಯ ಹಕ್ಕಿ ಕಂಡ ದಿನವನ್ನೂ ದಾಖಲಿಸಿರೆಂದು ಓದುಗರಲ್ಲಿ ಒಂದು ಸಾಲಿನ ವಿನಂತಿಯನ್ನು ತಾವು ಸೇರಿಸಬೇಕೆಂದು ಕೋರುತ್ತೇನೆ.

ಇತಿ,
ಓದುಗ, ಶಿವಮೊಗ್ಗ