ಉನ್ನತ ಶಿಕ್ಷಣ ಸಚಿವರಿಗೆ: ಪಾಯಿಂಟ್ ಕೊಟ್ಟರೆ ಸಾಲದು, ಎಲ್ಲಿ ತಪ್ಪಿತು ಅಂತ ಹೇಳುವ ಕೋರ್ಸ್ ಬೇಕು

ಮಾನ್ಯ ಉನ್ನತ ಶಿಕ್ಷಣ ಸಚಿವರೇ,

ನಮಸ್ಕಾರ. ಮಂಗಳೂರಿನಲ್ಲಿ ಬಿಕಾಂ ಮಕ್ಕಳಿಗೆ ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕ, ಕಲಿಸುವ ಉಪನ್ಯಾಸಕಿ ನಾನು. ಆನ್‌ಲೈನ್ ಕೋರ್ಸ್‌ಗಳ ವಿಷಯದಲ್ಲಿ ನಿಮ್ಮಲ್ಲಿ ಒಂದು ಕೋರಿಕೆ ಇದೆ.

ಕೇಂದ್ರ ಸರ್ಕಾರ ‘ಸ್ವಯಂ’ ಎಂಬ ಆನ್‌ಲೈನ್ ಕೋರ್ಸ್‌ಗಳ ತಾಣ ಶುರು ಮಾಡಿದ್ದು 2017ರಲ್ಲಿ. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ. 40ರವರೆಗೆ ಅಲ್ಲೇ ಮಾಡಬಹುದು. ಅಂದರೆ ಆನ್‌ಲೈನ್ ಕಲಿಕೆ ಪದವಿಯ ಒಳಗೇ ಬಂದುಬಿಟ್ಟಿದೆ. ಈಗ ಆಟದ ಥರ ಪಾಯಿಂಟ್, ಬ್ಯಾಡ್ಜ್, ಯಾರು ಮುಂದೆ ಯಾರು ಹಿಂದೆ ಅಂತ ತೋರಿಸುವ ಲೀಡರ್‌ಬೋರ್ಡ್‌ಗಳ ಜೊತೆ ಎಐ ಸೇರಿಸಿ, ಪ್ರತಿಯೊಬ್ಬರಿಗೂ ಅವರಿಗೆ ಹೊಂದುವ ಪಾಠ ಕೊಡುತ್ತೇವೆ ಅಂತ ಕಂಪನಿಗಳು ಬರುತ್ತಿವೆ. ಅದು ಬೇಡ ಅಂತ ನಾನು ಹೇಳುವುದಿಲ್ಲ. ಸರಿಯಾಗಿ ಮಾಡಿದರೆ, ತುಂಬಿದ ಕ್ಲಾಸಿನಲ್ಲಿ ನನ್ನಿಂದ ಆಗದ ಕೆಲಸ ಅದರಿಂದ ಆಗುತ್ತದೆ.

ಒಂದು ಲೆಕ್ಕ ನೋಡಿ. ಸ್ಥಿರ ವೆಚ್ಚ 60,000 ರೂಪಾಯಿ. ಒಂದು ವಸ್ತುವಿನ ಮಾರಾಟ ಬೆಲೆ 20, ಬದಲಾಗುವ ವೆಚ್ಚ 8. ಲಾಭ–ನಷ್ಟ ಎರಡೂ ಇಲ್ಲದಿರಲು ಎಷ್ಟು ಮಾರಬೇಕು? ಉತ್ತರ 5,000. ಆದರೆ ತುಂಬಾ ಮಕ್ಕಳು 3,000 ಬರೆಯುತ್ತಾರೆ. 20ರಲ್ಲಿ 8 ಕಳೆದು ಉಳಿದ 12ರಿಂದ ಭಾಗಿಸುವ ಬದಲು ನೇರವಾಗಿ 20ರಿಂದಲೇ ಭಾಗಿಸಿರುತ್ತಾರೆ. ಉತ್ತರ ಕಂಡ ಕೂಡಲೇ ಎಲ್ಲಿ ಎಡವಿದರು ಅಂತ ನನಗೆ ಗೊತ್ತಾಗುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಮಾಡುತ್ತಿದ್ದ ಆನ್‌ಲೈನ್ ಕೋರ್ಸ್‌ನಲ್ಲಿ ಏನಾಯಿತು? ಕೆಂಪು ಗುರುತು ಬಂತು, ಪಾಯಿಂಟ್ ಹೋಯಿತು, ಅದೇ ಥರದ ಇನ್ನೊಂದು ಲೆಕ್ಕ ಬಂತು. ಅದನ್ನೂ ಅವನು ಹಾಗೇ ತಪ್ಪು ಮಾಡಿದ. ಎಐ ಬೇಕಾದದ್ದು ಇಲ್ಲೇ ಅಲ್ವಾ? ‘ಒಂದು ವಸ್ತು ಮಾರಿದರೆ ಖರ್ಚು ಕಳೆದು ಕೈಯಲ್ಲಿ ಎಷ್ಟು ಉಳಿಯಿತು?’ ಅಂತ ಕನ್ನಡದಲ್ಲೇ ಕೇಳಿದ್ದರೆ ಅವನೇ ಸರಿ ಮಾಡಿಕೊಳ್ಳುತ್ತಿದ್ದ.

ಇನ್ನು ಸ್ಟ್ರೀಕ್, ಅಂದರೆ ದಿನ ತಪ್ಪದೆ ಲಾಗಿನ್ ಆದದ್ದರ ಎಣಿಕೆಯ ವಿಷಯ. ಒಂದು ದಿನ ಲಾಗಿನ್ ಆಗದಿದ್ದರೆ ಎಲ್ಲ ಸೊನ್ನೆಯಿಂದ ಶುರು. ದೀಪಾವಳಿ ಕಳೆದ ಮೇಲೆ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ನಮ್ಮಲ್ಲಿ ಯಕ್ಷಗಾನ ಮೇಳಗಳ ತಿರುಗಾಟ. ರಾತ್ರಿ ವೇಷ ಕಟ್ಟಿ ಬೆಳಗ್ಗೆ ಕ್ಲಾಸಿಗೆ ಬರುವ ಹುಡುಗರಿದ್ದಾರೆ. ಅಮ್ಮನ ಜೊತೆ ಕೂತು ಬೀಡಿ ಕಟ್ಟುವ ಹುಡುಗಿಯರಿದ್ದಾರೆ. ಮಳೆಗಾಲದಲ್ಲಿ ಬೆಳ್ತಂಗಡಿ, ಹೆಬ್ರಿ ಕಡೆ ಕರೆಂಟಿನ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಇವರನ್ನೆಲ್ಲ ಮನೆಯಲ್ಲಿ ವೈಫೈ ಇರುವವರ ಜೊತೆ ಒಂದೇ ಲೀಡರ್‌ಬೋರ್ಡ್‌ನಲ್ಲಿ ನಿಲ್ಲಿಸುವುದು ಅನ್ಯಾಯ. ಕೊನೆಯ ಸಾಲಿನಲ್ಲಿ ತನ್ನ ಹೆಸರು ಕಂಡವಳು ಮತ್ತೆ ಆ ಆ್ಯಪ್ ತೆರೆಯುವುದಿಲ್ಲ.

ಆಟ ಇರಲಿ. ತಪ್ಪನ್ನು ತಿದ್ದಿಕೊಂಡದ್ದಕ್ಕೆ ಪಾಯಿಂಟ್ ಸಿಗಲಿ. ಹೋದ ತಿಂಗಳಿಗಿಂತ ಈಗ ಎಷ್ಟು ಮುಂದೆ ಬಂದಿದ್ದೀಯ ಅಂತ ತೋರಿಸಲಿ. ಕಲಿತದ್ದರಲ್ಲಿ ಜಾಸ್ತಿ ಮರೆಯುವುದು ಶುರುವಿನಲ್ಲೇ ಅಂತ ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಯಾರಿಗೆ ಯಾವ ಪಾಠ ಮರೆಯುವ ಹಂತದಲ್ಲಿದೆ ಅಂತ ಲೆಕ್ಕ ಹಾಕಿ, ಅದನ್ನು ಮತ್ತೆ ಮುಂದಿಡುವುದು ಯಂತ್ರಕ್ಕೆ ಸುಲಭ. ನನಗೆ ಅಷ್ಟು ಮಕ್ಕಳ ಲೆಕ್ಕ ಇಡಲು ಆಗುವುದಿಲ್ಲ.

ಮಕ್ಕಳ ತಪ್ಪುಗಳ ದಾಖಲೆ ಕಂಪನಿಯ ಆಸ್ತಿ ಆಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ನಿಜ. ಆದರೂ ಒಪ್ಪಂದದಲ್ಲೇ ಇದನ್ನು ಬರೆಸಿ. ಆ ದಾಖಲೆ ಕಲಿಸುವವರಿಗೆ ಮಾತ್ರ ಕಾಣಲಿ.

ಇಲಾಖೆ ಇಂಥ ವ್ಯವಸ್ಥೆ ಕೊಳ್ಳುವ ಮೊದಲು ದಕ್ಷಿಣ ಕನ್ನಡ, ಉಡುಪಿಯ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಒಂದು ಸೆಮಿಸ್ಟರ್ ಕಾಲ ಪ್ರಯೋಗ ಮಾಡಿ ನೋಡಿ. ಮಳೆಗಾಲದ ಸೆಮಿಸ್ಟರ್ ಆದರೆ ಒಳ್ಳೆಯದು. ನೆಟ್ ಇಲ್ಲದಾಗಲೂ ನಡೆಯುತ್ತದಾ, ಕನ್ನಡದಲ್ಲಿ ಸರಿಯಾಗಿ ವಿವರಿಸುತ್ತದಾ, ಅರ್ಧಕ್ಕೆ ಬಿಟ್ಟು ಹೋದವರು ಯಾರು, ಯಾಕೆ ಅಂತ ಮಕ್ಕಳನ್ನೇ ಕೂರಿಸಿ ಕೇಳಿ. ಟೆಂಡರ್ ಷರತ್ತುಗಳನ್ನು ಅದಾದ ಮೇಲೆ ಬರೆಯಿರಿ. ಆ ಪ್ರಯೋಗಕ್ಕೆ ನನ್ನ ವಿಷಯದ ಪ್ರಶ್ನೆಗಳನ್ನೂ, ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳ ಪಟ್ಟಿಯನ್ನೂ ತಯಾರು ಮಾಡಿಕೊಡಲು ನಾನು ಸಿದ್ಧಳಿದ್ದೇನೆ.

ಇತಿ,
ಮಂಗಳೂರಿನ ಒಬ್ಬ ವಾಣಿಜ್ಯ ಉಪನ್ಯಾಸಕಿ