ಕಣ್ಣು ಸರಿಹೋದ ಮೇಲೂ ಕೇಳಬೇಕಾದ ಮಾತು

ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಕಣ್ಣಿನ ಪೊರೆ, ಸಕ್ಕರೆ ಕಾಯಿಲೆ, ಮೊಬೈಲು ಎಲ್ಲದರ ಬಗ್ಗೆ ಓದಿದ್ದೇನೆ. ಕಣ್ಣಿನ ನರದ ಉರಿಯೂತದ ಬಗ್ಗೆ ಓದಿದ ನೆನಪಿಲ್ಲ. ಅದಕ್ಕೇ ಈ ಪತ್ರ.

ಒಂಬತ್ತು ವರ್ಷದ ಹಿಂದೆ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಎಡಗಣ್ಣು ಹೊರಳಿಸಿದರೆ ಸಾಕು, ಒಳಗಿನಿಂದ ನೋವು. ಮಾರನೇ ದಿನ ಬಲಗಣ್ಣು ಮುಚ್ಚಿ ನೋಡಿದೆ. ನನ್ನದೇ ಕೆಂಪು ಪೆನ್ನಿನ ಗೆರೆ ಮಾಸಿದ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು! ನಾಲ್ಕು ದಿನದಲ್ಲಿ ಆ ಕಣ್ಣು ಪೂರ್ತಿ ಮಬ್ಬಾಯಿತು. ಆಪ್ಟಿಕ್ ನ್ಯೂರೈಟಿಸ್, ಅಂದರೆ ಕಣ್ಣಿನ ನರದ ಉರಿಯೂತ ಎಂದರು. ಡ್ರಿಪ್ಪಿನಲ್ಲಿ ಮೂರು ದಿನ ಸ್ಟಿರಾಯ್ಡ್ ಕೊಟ್ಟರು. ಎರಡು ತಿಂಗಳಲ್ಲಿ ಚಾರ್ಟಿನ ಕೊನೇ ಸಾಲೂ ಓದಿದೆ. "ಸರಿಹೋಯ್ತು, ಇನ್ನು ಬರೋದು ಬೇಡ" ಅಂದರು. ನಾವೂ ಮರೆತುಬಿಟ್ಟೆವು. ಬಿಸಿಲಲ್ಲಿ ನಡೆದಾಗ ಆ ಕಣ್ಣು ಸ್ವಲ್ಪ ಹೊತ್ತು ಮಂಜಾಗುತ್ತಿತ್ತು. ಸುಸ್ತಿರಬೇಕು ಅಂದುಕೊಂಡೆ. ಪೆಟ್ಟು ತಿಂದ ನರ ಮೈ ಬಿಸಿಯಾದಾಗ ಹಾಗೆ ಮಾಡುತ್ತದೆ ಅಂತ ಆಮೇಲೆ ತಿಳಿಯಿತು.

ಐದು ವರ್ಷದ ಮೇಲೆ ಬಲಗಾಲು ಜೋಮು ಹಿಡಿಯಿತು. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದೆ ಮುಂದೆ ನಡೆದುಬಿಡುತ್ತಿದ್ದೆ. ಸೊಂಟದ ನರ ಅಂತ ಸುಮ್ನೆ ನಾಲ್ಕು ತಿಂಗಳು ಮುಲಾಮು ಹಚ್ಚಿದೆ. ಕಣ್ಣಿಗೂ ಕಾಲಿಗೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯುತ್ತದೆ, ಅಲ್ವಾ? ಕೊನೆಗೆ ಎಂಆರ್‌ಐನಲ್ಲಿ ಮಿದುಳಿನ ತುಂಬ ಬಿಳಿ ಕಲೆಗಳು. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್. ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳ ಹೊದಿಕೆಗೆ ಪೆಟ್ಟು ಕೊಡುವ ಕಾಯಿಲೆ ಇದು.

ಅಮೆರಿಕದಲ್ಲಿ 1988ರಿಂದ 1991ರ ನಡುವೆ ಹೀಗೆ ಕಣ್ಣಿನ ನರ ಊದಿಕೊಂಡ 450ಕ್ಕೂ ಹೆಚ್ಚು ಜನರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. 15 ವರ್ಷದಲ್ಲಿ ಅವರಿಗೆ ಎಂಎಸ್ ಬರುವ ಸಂಭವ ಒಟ್ಟಾರೆ ನೂರಕ್ಕೆ 50. ಮೊದಲ ಎಂಆರ್‌ಐನಲ್ಲಿ ಒಂದೂ ಕಲೆ ಇಲ್ಲದವರಿಗೆ 25. ಒಂದಾದರೂ ಇದ್ದವರಿಗೆ 72. ಅಂದರೆ ಎಲ್ಲರಿಗೂ ಬರುವುದಿಲ್ಲ, ಹೆದರಿಸಲು ಬರೆಯುತ್ತಿಲ್ಲ. ಆದರೆ ಯಾರಿಗೆ ಜಾಸ್ತಿ ಅಪಾಯ ಅಂತ ಆ ಒಂದು ಸ್ಕ್ಯಾನ್ ಮೊದಲೇ ಹೇಳುತ್ತದೆ. ನನಗೆ ಆಗ ಅದನ್ನು ಮಾಡಿಸಲೇ ಇಲ್ಲ. ಬೇಗ ಔಷಧ ಶುರುವಾದರೆ ಎರಡನೇ ಹೊಡೆತವನ್ನು ಮುಂದೂಡಬಹುದು. ಕಣ್ಣಿನ ನರಕ್ಕೂ ಬೆನ್ನುಹುರಿಗೂ ಪೆಟ್ಟು ಕೊಡುವ ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ) ಎಂಬ ಇನ್ನೊಂದು ಕಾಯಿಲೆಯೂ ಕಣ್ಣಿನಿಂದಲೇ ಶುರುವಾಗಬಹುದು. ಎಂಎಸ್‌ಗೆ ಕೊಡುವ ಕೆಲವು ಔಷಧಗಳು ಅದನ್ನು ಜೋರು ಮಾಡುತ್ತವೆ. ಅದನ್ನು ಪತ್ತೆ ಮಾಡಲು ರಕ್ತಪರೀಕ್ಷೆ ಇದೆ.

ಕಣ್ಣಿನ ಡಾಕ್ಟರುಗಳಲ್ಲಿ ನನ್ನದೊಂದೇ ಬೇಡಿಕೆ. ಇಂಥವರನ್ನು ಮನೆಗೆ ಕಳಿಸುವಾಗ ಚೀಟಿಯಲ್ಲಿ ಒಂದು ಸಾಲು ಬರೆಯಿರಿ: "ಮುಂದೆ ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟ, ಎರಡೆರಡಾಗಿ ಕಾಣುವುದು ಏನೇ ಆದರೂ ನರರೋಗ ತಜ್ಞರಿಗೆ ತೋರಿಸಿ, ಕಣ್ಣಿನ ಈ ಕಥೆಯನ್ನೂ ಹೇಳಿ."

– ಒಬ್ಬ ಶಾಲಾ ಶಿಕ್ಷಕಿ