ಊರು ಆರಿಸುವ ಮೊದಲು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮನೆಯ ಮಾಲೀಕರು ಗುತ್ತಿಗೆಯನ್ನು ನವೀಕರಿಸಲು ಒಪ್ಪುತ್ತಿಲ್ಲವೆಂದೂ, ಈ ಬಾಡಿಗೆಯ ಊರಿನಲ್ಲಿ ಇನ್ನೊಂದು ಮನೆ ಹಿಡಿಯುವ ಶಕ್ತಿ ನಿಮ್ಮಿಬ್ಬರಿಗೂ ಉಳಿದಿಲ್ಲವೆಂದೂ ನೀನು ಬರೆದದ್ದನ್ನು ಓದಿದೆ. ಕೊನೆಯಲ್ಲಿ ಅಮೆರಿಕದ ನಾಲ್ಕು ಊರುಗಳ ಹೆಸರು ಬರೆದಿದ್ದೆ: ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್, ಆಶ್‌ವಿಲ್, ಮಿನಿಯಾಪೊಲಿಸ್. ನೀನು ನನ್ನಿಂದ ಕೇಳಿದ್ದು ಹೊಸ ಮನೆಯ ಮುಂಗಡಕ್ಕೆ ಸಹಾಯವನ್ನು ಮಾತ್ರ, ಅಭಿಪ್ರಾಯವನ್ನಲ್ಲ. ಹಣ ಖಂಡಿತ ಬರುತ್ತದೆ. ಅಭಿಪ್ರಾಯವನ್ನು ತಡೆದು ಇಟ್ಟುಕೊಳ್ಳಲು ಮಾತ್ರ ನನ್ನಿಂದ ಆಗಲಿಲ್ಲ.

ನಿನ್ನ ಸಂಗಾತಿಯ ವಿಷಯವನ್ನು ನೀನು ಮೊದಲು ಹೇಳಿದ ದಿನ ನಮ್ಮ ಮನೆಯಲ್ಲಿ ಏನೇನು ನಡೆಯಿತೆಂಬುದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಇಲ್ಲಿ ಮತ್ತೆ ತೆಗೆಯುವುದಿಲ್ಲ. ಇಂದು ಅವಳು ನನಗೆ ನಿನ್ನಷ್ಟೇ ಮಗಳು, ಈ ಪತ್ರವನ್ನು ಅವಳೂ ಓದಲಿ.

ನಾನು ಎಷ್ಟೋ ವರ್ಷ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವಳು. ಪ್ರಜ್ಞೆ ತಪ್ಪಿದ ರೋಗಿಯನ್ನು ಒಳಗೆ ಒಯ್ದ ಮೇಲೆ ಹೊರಗೆ ಉಳಿದವರನ್ನು ಕೇಳುವ ಮೊದಲ ಪ್ರಶ್ನೆ ಒಂದೇ: ನೀವು ಅವರಿಗೆ ಏನಾಗಬೇಕು? ಗಂಡ, ತಾಯಿ, ಅಣ್ಣ ಎಂದು ಥಟ್ಟನೆ ಉತ್ತರ ಕೊಡಬಲ್ಲವರು ಒಳಗೆ ಹೋಗುತ್ತಾರೆ. ಉತ್ತರ ಕೊಡುವ ಮೊದಲು ಒಂದು ಕ್ಷಣ ತಡವರಿಸಿದವರು ಬೆಂಚಿನ ಮೇಲೆ ಕೂರುತ್ತಾರೆ. ನೀನು ಊರುಗಳ ಪಟ್ಟಿ ಕಳುಹಿಸಿದಾಗಿನಿಂದ ನನಗೆ ಕೇಳಿಸುತ್ತಿರುವುದು ಆ ಪ್ರಶ್ನೆಯೇ. ನಿಮ್ಮಲ್ಲಿ ಒಬ್ಬರಿಗೆ ನಡುರಾತ್ರಿ ಏನಾದರೂ ಆದರೆ, ಆ ಊರಿನಲ್ಲಿ ಇನ್ನೊಬ್ಬರ ಉತ್ತರವನ್ನು ಯಾರು ಒಪ್ಪುತ್ತಾರೆ?

ಇದು ಬರೀ ಕಲ್ಪನೆಯ ಭಯವಲ್ಲ. 2007ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಇಬ್ಬರು ಮಹಿಳೆಯರು ಮೂವರು ಮಕ್ಕಳೊಂದಿಗೆ ಹಡಗಿನ ಪ್ರವಾಸಕ್ಕೆಂದು ಫ್ಲೋರಿಡಾದ ಮಯಾಮಿಗೆ ಬಂದಿದ್ದರು. ಸುಮಾರು 18 ವರ್ಷ ಒಟ್ಟಿಗೆ ಬಾಳಿದವರು. ಹಡಗು ಹೊರಡುವ ಮೊದಲೇ ಒಬ್ಬಾಕೆ ಕುಸಿದು ಬಿದ್ದರು. ಸಂಗಾತಿ ಮುಂದೆ ನ್ಯಾಯಾಲಯದಲ್ಲಿ ಹೇಳಿದಂತೆ, ಆಸ್ಪತ್ರೆಯ ಸಮಾಜ ಕಾರ್ಯಕರ್ತರೊಬ್ಬರು ಈ ಊರೂ ಈ ರಾಜ್ಯವೂ ಸಲಿಂಗಿಗಳ ಪರವಾಗಿಲ್ಲವೆಂದು ಆಕೆಗೆ ತಿಳಿಸಿದರು. ರೋಗಿಯ ಪರವಾಗಿ ನಿರ್ಧರಿಸುವ ಅಧಿಕಾರ ಪತ್ರವನ್ನು ಫ್ಯಾಕ್ಸ್ ಮಾಡಿಸಿ ತರಿಸಿದರೂ ಆಕೆ ಮತ್ತು ಮಕ್ಕಳು ಸುಮಾರು 8 ಗಂಟೆಗಳ ಕಾಲ ಬಹುತೇಕ ಹೊರಗೇ ಉಳಿದರು. ಒಳಗಿದ್ದಾಕೆ ಬದುಕಲಿಲ್ಲ. 2009ರಲ್ಲಿ ಆ ಮೊಕದ್ದಮೆ ವಜಾ ಆಯಿತು. ಆದರೆ ಆ ಘಟನೆಯೇ 2010ರ ಏಪ್ರಿಲ್ 15ರಂದು ಅಧ್ಯಕ್ಷ ಒಬಾಮಾ ಹೊರಡಿಸಿದ ಆದೇಶಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾಯಿತು. ಮೆಡಿಕೇರ್ ಮತ್ತು ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗಳ ಹಣ ಪಡೆಯುವ ಆಸ್ಪತ್ರೆಗಳು ತನ್ನನ್ನು ನೋಡಲು ಯಾರು ಬರಬೇಕೆಂಬ ರೋಗಿಯ ಇಚ್ಛೆಯನ್ನು ಗೌರವಿಸಲೇಬೇಕೆಂಬ ನಿಯಮ ಬಂದದ್ದು ಅದರ ನಂತರವೇ.

ನೀನು ಹೇಳುವುದು ನನಗೆ ಗೊತ್ತು. ಅಮ್ಮ, ಅದು ಹಳೆಯ ಕಥೆ, 2015ರ ಜೂನ್ 26ರಂದು ಸುಪ್ರೀಂ ಕೋರ್ಟ್ ದೇಶವಿಡೀ ಸಲಿಂಗ ವಿವಾಹವನ್ನು ಮಾನ್ಯ ಮಾಡಿದ ಮೇಲೆ ಆ ಬಾಗಿಲು ಯಾರಿಗೂ ಮುಚ್ಚಿಲ್ಲ ಎನ್ನುತ್ತೀ. ಒಪ್ಪುತ್ತೇನೆ. ಆದರೆ ನೀವಿಬ್ಬರೂ ಇನ್ನೂ ಮದುವೆಯಾಗಿಲ್ಲ. ಆಗಬೇಕೋ ಬೇಡವೋ ಎಂಬುದು ನಿಮಗೆ ಸೇರಿದ್ದು, ನಾನು ಒತ್ತಾಯಿಸುವುದಿಲ್ಲ. ಒತ್ತಾಯಿಸದೆಯೇ ಹೇಳುತ್ತೇನೆ, ಯಾವ ಊರಿಗೆ ಹೋದರೂ ಮೊದಲ ತಿಂಗಳಲ್ಲೇ ಆ ರಾಜ್ಯದ ನಮೂನೆಯಲ್ಲಿ ಒಬ್ಬರಿಗೊಬ್ಬರು ವೈದ್ಯಕೀಯ ಅಧಿಕಾರ ಪತ್ರ ಬರೆದುಕೊಡಿ, ಅದರ ಪ್ರತಿಯನ್ನು ಫೋನಿನಲ್ಲೂ ಇಟ್ಟುಕೊಳ್ಳಿ. ಪೆಟ್ಟಿಗೆಗಳನ್ನು ಬಿಚ್ಚುವ ಕೆಲಸ ಅದಾದ ಮೇಲಿರಲಿ.

ಈಗ ಊರಿನ ಮಾತು. ಊರು ಸ್ವಾಗತಿಸುತ್ತದೆಯೇ ಎಂದು ತಿಳಿಯಲು ನೀನು ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆಯ ಚಿತ್ರಗಳನ್ನೂ ಕಾಫಿ ಅಂಗಡಿಗಳ ಬಾಗಿಲಿನ ಕಾಮನಬಿಲ್ಲಿನ ಬಾವುಟಗಳನ್ನೂ ನೋಡಿದ್ದೀ. ಅವು ಸುಳ್ಳಲ್ಲ, ಆದರೆ ಅವು ಊರಿನ ಮನಸ್ಸನ್ನು ಮಾತ್ರ ಹೇಳುತ್ತವೆ. ಊರಿನ ಮೇಲೆ ರಾಜ್ಯವಿದೆ. 2016ರ ಫೆಬ್ರುವರಿಯಲ್ಲಿ ನಾರ್ತ್ ಕ್ಯಾರೊಲೈನಾದ ಷಾರ್ಲಟ್ ನಗರಸಭೆ ಲೈಂಗಿಕ ಅಲ್ಪಸಂಖ್ಯಾತರ ವಿರುದ್ಧದ ತಾರತಮ್ಯವನ್ನು ನಿಷೇಧಿಸಿತು. ಅದು ಜಾರಿಗೆ ಬರುವ ಮೊದಲೇ, ಮಾರ್ಚ್ 23ರಂದು ರಾಜ್ಯದ ಶಾಸನಸಭೆ ವಿಶೇಷ ಅಧಿವೇಶನ ಕರೆದು, ಮಸೂದೆ ಮಂಡಿಸಿ, ಅಂಗೀಕರಿಸಿ, ಅದೇ ದಿನ ರಾಜ್ಯಪಾಲರ ಸಹಿಯನ್ನೂ ಹಾಕಿಸಿ ನಗರದ ನಿಯಮವನ್ನು ರದ್ದು ಮಾಡಿತು. ಒಂದು ಇಡೀ ನಗರ ಚರ್ಚಿಸಿ ತೆಗೆದ ಬಾಗಿಲನ್ನು ರಾಜ್ಯ ಒಂದೇ ದಿನದಲ್ಲಿ ಮುಚ್ಚಿತು. 2017ರಲ್ಲಿ ಆ ಕಾಯ್ದೆ ಹೋದರೂ ಅದರ ಜಾಗಕ್ಕೆ ಬಂದ ಕಾಯ್ದೆಯು 2020ರ ಡಿಸೆಂಬರ್‌ವರೆಗೆ ನಗರಗಳು ಅಂತಹ ನಿಯಮ ಮಾಡದಂತೆ ತಡೆದಿತ್ತು.

ಆಶ್‌ವಿಲ್ ಇರುವುದೂ ಅದೇ ರಾಜ್ಯದಲ್ಲಿ. ಅಲ್ಲಿನ ಜನ ನಿಮ್ಮನ್ನು ಪ್ರೀತಿಯಿಂದ ಕಾಣುತ್ತಾರೆಂಬುದರಲ್ಲಿ ನನಗೆ ಸಂದೇಹವಿಲ್ಲ, ತಡೆ ಮುಗಿದ ಮೇಲೆ 2021ರಲ್ಲಿ ಆ ನಗರವೂ ತನ್ನ ರಕ್ಷಣಾ ನಿಯಮವನ್ನು ಮಾಡಿಕೊಂಡಿತು. ಆದರೆ ನಗರದ ಬೆನ್ನಿಗೆ ರಾಜ್ಯವಿಲ್ಲ. ಜೊತೆಗೆ 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದ ನೆರೆ ಅಲ್ಲಿನ ರಿವರ್ ಆರ್ಟ್ಸ್ ಡಿಸ್ಟ್ರಿಕ್ಟ್‌ನ ಎಷ್ಟೋ ಕಲಾವಿದರ ಸ್ಟುಡಿಯೋಗಳನ್ನು ಕೊಚ್ಚಿ ಹಾಕಿತು. ಕಲಾವಿದರಿಗೆ ಅಗ್ಗವಾಗಿ ಸಿಗುವ ಜಾಗ ಬಹಳ ಸಲ ನದಿಯ ದಡದ ಹಳೆಯ ಕಾರ್ಖಾನೆಯೇ ಆಗಿರುತ್ತದೆ ಎಂಬುದನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ.

ಅಗ್ಗದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 2016ರ ಡಿಸೆಂಬರ್ 2ರ ರಾತ್ರಿ ಓಕ್‌ಲ್ಯಾಂಡಿನಲ್ಲಿ ಕಲಾವಿದರು ಅನುಮತಿಯಿಲ್ಲದೆ ವಾಸವಾಗಿದ್ದ ಗೋದಾಮಿಗೆ ಬೆಂಕಿ ಬಿದ್ದು 36 ಜನ ಸತ್ತರು. ಬಾಡಿಗೆ ಕೈಗೆಟುಕದ ಊರಿನಲ್ಲಿ ಅಲ್ಲಿ ವಾಸವಿದ್ದ ಕಲಾವಿದರಿಗೆ ಅದು ಆಸರೆಯಾಗಿತ್ತು. ನೀನು ಸ್ಟುಡಿಯೋ ನೋಡಲು ಹೋದಾಗ ಬೆಳಕು ಎಲ್ಲಿಂದ ಬರುತ್ತದೆಂದು ನೋಡುವ ಮೊದಲು ಹೊರಗೆ ಹೋಗುವ ಎರಡನೆಯ ದಾರಿ ಎಲ್ಲಿದೆಯೆಂದು ನೋಡು.

ಬಾಡಿಗೆ ಆದಾಯದ ಶೇ 30ನ್ನು ಮೀರಬಾರದೆಂಬುದು ಅಲ್ಲಿನ ಸಾಮಾನ್ಯ ಲೆಕ್ಕ. ಆದರೆ ನಿಮ್ಮಿಬ್ಬರ ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುವಂಥದ್ದು. ತಿಂಗಳ ಆದಾಯ ಬಾಡಿಗೆಯ ಮೂರು ಪಟ್ಟು ಇರಬೇಕೆಂದು ಕೇಳುವ ಮಾಲೀಕರು ಬಹಳ. ಆದ್ದರಿಂದ ಒಳ್ಳೆಯ ತಿಂಗಳ ಆದಾಯವನ್ನಲ್ಲ, ಕೆಟ್ಟ ತಿಂಗಳ ಆದಾಯವನ್ನು ಇಟ್ಟುಕೊಂಡು ಲೆಕ್ಕ ಹಾಕಿ. ಕಾರು ಇಲ್ಲದೆ ಬದುಕಲು ಆಗುತ್ತದೆಯೇ ಎಂಬುದನ್ನೂ ಅದಕ್ಕೆ ಸೇರಿಸಿ, ಏಕೆಂದರೆ ಬಾಡಿಗೆಯಲ್ಲಿ ಉಳಿಸಿದ್ದನ್ನು ಕಾರು ನುಂಗುತ್ತದೆ.

ಪಿಟ್ಸ್‌ಬರ್ಗ್ ನಾಲ್ಕರಲ್ಲಿ ಅಗ್ಗವೆಂದು ನೀನು ಬರೆದಿದ್ದೀ. ಅಲ್ಲಿ ಪಾಪ್ ಕಲೆಯ ಕಲಾವಿದ ಆಂಡಿ ವಾರ್ಹಾಲ್ ಅವರ ಸಂಗ್ರಹಾಲಯವಿದೆಯೆಂದು ನಿನಗೆ ಆಸೆ. ಅವರು ಹುಟ್ಟಿದ್ದು ಅಲ್ಲಿಯೇ, 1928ರಲ್ಲಿ. ಓದು ಮುಗಿದೊಡನೆ 1949ರಲ್ಲಿ ನ್ಯೂಯಾರ್ಕಿಗೆ ಹೋದರು. ಸಂಗ್ರಹಾಲಯ ತೆರೆದದ್ದು 1994ರಲ್ಲಿ, ಅವರು ತೀರಿಕೊಂಡು ಏಳು ವರ್ಷಗಳಾದ ಮೇಲೆ. ಆ ಊರನ್ನು ನಾನು ಹಳಿಯುತ್ತಿಲ್ಲ. ಆದರೆ ಕಲೆಯ ಊರು ಎಂದರೆ ಸತ್ತ ಕಲಾವಿದರಿಗೆ ಕಟ್ಟಡ ಕಟ್ಟಿದ ಊರೋ, ಬದುಕಿರುವ ಕಲಾವಿದೆಗೆ ಮುಂದಿನ ತಿಂಗಳು ಕೆಲಸ ಕೊಡುವ ಊರೋ ಎಂದು ವಿಚಾರಿಸು.

ಫಿಲಡೆಲ್ಫಿಯಾ ನನಗೆ ಇಷ್ಟವಾಯಿತು. 1965ರ ಜುಲೈ 4ರಂದು, ಸಲಿಂಗಿಗಳ ಹೋರಾಟದಲ್ಲಿ ಹೆಸರಾದ ನ್ಯೂಯಾರ್ಕಿನ ಸ್ಟೋನ್‌ವಾಲ್ ಪ್ರತಿಭಟನೆಗೂ ನಾಲ್ಕು ವರ್ಷ ಮೊದಲು, ಸಲಿಂಗಿಗಳ ಹಕ್ಕಿಗಾಗಿ ಸುಮಾರು 40 ಜನ ಸ್ತ್ರೀ ಪುರುಷರು ಅಚ್ಚುಕಟ್ಟಾಗಿ ಉಡುಪು ಧರಿಸಿ ಇಂಡಿಪೆಂಡೆನ್ಸ್ ಹಾಲ್ ಎದುರು ಫಲಕ ಹಿಡಿದು ನಡೆದರು. ಅದೇ ನಗರ 1982ರಲ್ಲೇ ತಾರತಮ್ಯವನ್ನು ನಿಷೇಧಿಸಿತು. 1984ರಲ್ಲಿ ಆರಂಭವಾದ ಭಿತ್ತಿಚಿತ್ರ ಯೋಜನೆ ಇಂದಿಗೂ ಕಲಾವಿದರಿಗೆ ಸಂಬಳ ಕೊಡುತ್ತದೆ. ನಿನ್ನಂಥ ಮುದ್ರಣ ಕಲಾವಿದೆಗೆ 1972ರಿಂದ ಇರುವ ಬ್ರ್ಯಾಂಡಿವೈನ್ ಕಾರ್ಯಾಗಾರವಿದೆ. ಆದರೆ ಪೆನ್ಸಿಲ್ವೇನಿಯಾದಲ್ಲಿ ಈ ರಕ್ಷಣೆ ನಿಂತಿರುವುದು ನಗರಗಳ ನಿಯಮಗಳ ಮೇಲೆ ಮತ್ತು ರಾಜ್ಯದ ಆಯೋಗವೊಂದು 2023ರಲ್ಲಿ ಮಾಡಿದ ನಿಯಮಗಳ ಮೇಲೆ. ಆಯೋಗದ ನಿಯಮ ಶಾಸನದಷ್ಟು ಗಟ್ಟಿಯಲ್ಲ. ನನ್ನ ಮನಸ್ಸು ಮತ್ತೆ ಆಸ್ಪತ್ರೆಯ ಆ ಬೆಂಚಿನ ಹತ್ತಿರವೇ ಹೋಗಿ ನಿಲ್ಲುತ್ತದೆ. ಅದೇ ಮಾತನ್ನು ಎಷ್ಟು ಸಲ ಹೇಳುತ್ತೀ ಎಂದು ನಿನಗೆ ಬೇಸರವಾದರೆ ಕ್ಷಮಿಸು.

ನನ್ನ ಆಯ್ಕೆ ಮಿನಿಯಾಪೊಲಿಸ್. ಆ ನಗರ 1975ರಲ್ಲೇ ಲಿಂಗಪರಿವರ್ತಿತರನ್ನೂ ಸೇರಿಸಿ ರಕ್ಷಣೆ ಕೊಟ್ಟಿತು, ಅಮೆರಿಕದ ನಗರಗಳಲ್ಲೇ ಮೊದಲು. 1993ರಲ್ಲಿ ಮಿನ್ನೆಸೋಟ ರಾಜ್ಯವೇ ಅದನ್ನು ತನ್ನ ಮಾನವ ಹಕ್ಕು ಕಾಯ್ದೆಯಲ್ಲಿ ಬರೆಯಿತು. 2012ರಲ್ಲಿ ಸಲಿಂಗ ವಿವಾಹವನ್ನು ಸಂವಿಧಾನದಲ್ಲೇ ತಡೆಯುವ ಪ್ರಸ್ತಾವವನ್ನು ಅಲ್ಲಿನ ಮತದಾರರು ತಿರಸ್ಕರಿಸಿದರು, ಮರುವರ್ಷ ವಿವಾಹ ಕಾನೂನುಬದ್ಧವಾಯಿತು. ಊರೂ ರಾಜ್ಯವೂ ಒಂದೇ ಕಡೆ ನಿಂತಿರುವುದೆಂದರೆ ಇದು. ಕಲೆಯ ವಿಷಯದಲ್ಲೂ ಹಾಗೆಯೇ: 2008ರಲ್ಲಿ ಆ ರಾಜ್ಯದ ಜನ ತಮ್ಮ ಮೇಲೆ ತಾವೇ ಶೇ 0.375ರಷ್ಟು ಮಾರಾಟ ತೆರಿಗೆಯನ್ನು 2034ರವರೆಗೆ ಹಾಕಿಕೊಂಡು, ಅದರಲ್ಲಿ ಶೇ 19.75ನ್ನು ಕಲೆ ಮತ್ತು ಸಾಂಸ್ಕೃತಿಕ ಪರಂಪರೆಗೆಂದು ಎತ್ತಿಟ್ಟರು. ಹೈಪಾಯಿಂಟ್ ಎಂಬ ಮುದ್ರಣ ಕೇಂದ್ರದಲ್ಲಿ ಸದಸ್ಯ ಕಲಾವಿದರು ಲೋಹದ ಫಲಕದಿಂದ ಚಿತ್ರ ಅಚ್ಚು ಹಾಕುವ ದೊಡ್ಡ ಎಚ್ಚಿಂಗ್ ಪ್ರೆಸ್ಸುಗಳನ್ನು ಬಳಸಬಹುದು, ಅಂದರೆ ಅಷ್ಟು ಭಾರದ ಯಂತ್ರವನ್ನು ನೀನು ಕೊಳ್ಳಬೇಕಿಲ್ಲ, ಅದನ್ನು ಇಡಲು ಜಾಗವನ್ನೂ ಬಾಡಿಗೆಗೆ ಹಿಡಿಯಬೇಕಿಲ್ಲ. ಅವಳ ಬೆಳಕಿನ ವಿನ್ಯಾಸಕ್ಕೆ 1963ರಿಂದ ನಡೆಯುತ್ತಿರುವ ಗತ್ರೀ ರಂಗಮಂದಿರವಿದೆ, ಇನ್ನೂ ಎಷ್ಟೋ ಸಣ್ಣ ತಂಡಗಳಿವೆ. ಒಂದು ನಿವೇಶನದಲ್ಲಿ ಒಂದೇ ಕುಟುಂಬದ ಮನೆಯಿರಬೇಕೆಂಬ ಬಡಾವಣೆಗಳ ನಿಯಮವನ್ನು 2018ರಲ್ಲಿ ಆ ನಗರಸಭೆ ತೆಗೆಯಲು ನಿರ್ಧರಿಸಿತು. ಹೆಚ್ಚು ಮನೆಗಳು ಎದ್ದದ್ದರಿಂದ ಬಾಡಿಗೆ ರಾಜ್ಯದ ಉಳಿದ ಭಾಗಕ್ಕಿಂತ ನಿಧಾನವಾಗಿ ಏರಿತು.

ಚಳಿ ಭಯಂಕರ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವ ದಿನಗಳಿವೆ. ಬಾಡಿಗೆಯಲ್ಲಿ ಮನೆ ಬಿಸಿ ಮಾಡುವ ಖರ್ಚು ಸೇರಿದೆಯೇ ಎಂದು ಸಹಿ ಹಾಕುವ ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಸಾಧ್ಯವಾದರೆ ಜನವರಿಯಲ್ಲೇ ಹೋಗಿ ನೋಡಿ, ಬೇಸಿಗೆಯಲ್ಲಿ ಎಲ್ಲ ಊರುಗಳೂ ಚೆನ್ನಾಗಿ ಕಾಣುತ್ತವೆ.

ನೀನು ನಿನ್ನ ಅಚ್ಚುಗಳನ್ನು ಮಾರಿ, ಯಾರ ಮುಂದೆಯೂ ಕೈಚಾಚದೆ ಇಷ್ಟು ದೂರ ಬಂದದ್ದನ್ನು ನಾನು ಎಲ್ಲರ ಮುಂದೆಯೂ ಹೇಳಿಕೊಳ್ಳುತ್ತೇನೆ, ನಿನ್ನ ಮುಂದೆ ಮಾತ್ರ ಹೇಳುವುದು ಕಡಿಮೆ. ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ನಾನು ಬಂದು ಒಂದು ವಾರ ಇದ್ದು ಹೋಗುತ್ತೇನೆ. ಮುಂಗಡದ ಹಣವನ್ನು ಈ ವಾರವೇ ಕಳುಹಿಸುತ್ತೇನೆ, ನಿಮ್ಮಿಬ್ಬರ ಹೆಸರಿನ ಜಂಟಿ ಖಾತೆಯ ವಿವರ ಬರೆದು ತಿಳಿಸು. ಗುತ್ತಿಗೆ ಪತ್ರದಲ್ಲೂ ಇಬ್ಬರ ಹೆಸರೂ ಇರಲಿ, ಒಬ್ಬರ ಹೆಸರಿನಲ್ಲಿ ಮಾತ್ರ ಮಾಡಿಸಬೇಡಿ.

ಇಂತಿ ನಿನ್ನ,
ಅಮ್ಮ